ಮಂಡ್ಯದಲ್ಲಿ ಕುಳಿತು ಮೈಸೂರಿನ ಟ್ಯಾಲಿ: ನನ್ನ ಅನುಭವ

ಮನೆಯ ಕಂಪ್ಯೂಟರನ್ನು ಬೇರೆ ಊರಿನಿಂದ ನಡೆಸಬೇಕು ಎಂದರೆ ‘ರೂಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದರೆ ಮುಗಿಯಿತು’ ಎನ್ನುವವರೂ ‘ಮನೆಯ ಫೈಬರ್‌ನಲ್ಲಿ ಅದೆಲ್ಲ ಆಗುವ ಮಾತಲ್ಲ’ ಎನ್ನುವವರೂ ನಮ್ಮ ತೆರಿಗೆ ಲೆಕ್ಕದ ಕಸುಬಿನಲ್ಲಿ ಧಾರಾಳವಾಗಿ ಸಿಗುತ್ತಾರೆ. ತಿಂಗಳ ಬಾಡಿಗೆಯ ಆ್ಯಪ್ ಹಾಕಿಕೊಂಡು ಸುಮ್ಮನಿರಿ ಎಂದು ಬುದ್ಧಿ ಹೇಳಿದವರೂ ಇದ್ದಾರೆ. ಮೈಸೂರಿನ ಕುವೆಂಪುನಗರದ ಮನೆಯಲ್ಲಿರುವ, ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದ ಕಂಪ್ಯೂಟರನ್ನು ನಾನು ಆರೇಳು ತಿಂಗಳಿಂದ ಮಂಡ್ಯದ ಕಕ್ಷಿದಾರರ ಕಚೇರಿಯಲ್ಲಿ ಕುಳಿತೇ ನಡೆಸುತ್ತಿದ್ದೇನೆ. 20ನೇ ತಾರೀಖಿನ 3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಒಮ್ಮೆಯೂ ತಪ್ಪಿಲ್ಲ.

ವಿಂಡೋಸ್ ಹೋಂ ಆವೃತ್ತಿ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದಲೇ ಪರದೆ ನೋಡಿ ನಡೆಸುವ ಸೌಲಭ್ಯ) ಒಪ್ಪುವುದಿಲ್ಲವಾದ್ದರಿಂದ ಪ್ರೊಗೆ ದುಡ್ಡು ಸುರಿದೆ. ಅದರ ಪೋರ್ಟ್ 3389 ತೆರೆದೆ. ಮನೆಯೊಳಗೆ ಸರಾಗ, ಮೊಬೈಲ್ ಡೇಟಾದಿಂದ ನೋಡಿದರೆ ಸದ್ದೇ ಇಲ್ಲ. ರೂಟರ್‌ನ ವ್ಯಾನ್ (ಹೊರ ಸಂಪರ್ಕದ) ಪುಟದಲ್ಲಿ ಐಪಿ ವಿಳಾಸ 100.70ರ ಆಸುಪಾಸಿನಲ್ಲಿ ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನದು ಸೇವಾದಾರರು ಒಂದೇ ಹೊರ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚುವಾಗ ಒಳಗೆ ಬಳಸುವ ಸಾಲು. ಅಲ್ಲಿ ನಮ್ಮ ಪೋರ್ಟ್ ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಬದಲಾಗುವ ವಿಳಾಸಕ್ಕೆ ಖಾಯಂ ಹೆಸರು ಕೊಡುವ ಡೈನಾಮಿಕ್ ಡಿಎನ್‌ಎಸ್ ಕೂಡ ಕೆಲಸಕ್ಕೆ ಬಾರದು. ಸಹಾಯವಾಣಿಯವರು ಪ್ರತಿ ಸಲವೂ ರೂಟರ್ ಆರಿಸಿ ಹಚ್ಚಿ ಎಂದರು. ಕೊನೆಗೆ ಸ್ಟಾಟಿಕ್ ಐಪಿ (ನಮಗೇ ಮೀಸಲಾದ, ಬದಲಾಗದ ಹೊರ ವಿಳಾಸ) ಕೊಂಡೆ. ವರ್ಷಕ್ಕೆ ಎರಡು ಸಾವಿರ ಚಿಲ್ಲರೆ, ಜಿಎಸ್‌ಟಿ ಬೇರೆ.

ತಕ್ಷಣ ಸಂಪರ್ಕ ಸಿಕ್ಕಿತು, ಕಳ್ಳರಿಗೂ ಸಿಕ್ಕಿತು. ಈವೆಂಟ್ ವ್ಯೂವರ್‌ನ ಸೆಕ್ಯೂರಿಟಿ ಪಟ್ಟಿಯಲ್ಲಿ 4625, 4625 (ವಿಫಲ ಲಾಗಿನ್‌ನ ಸಂಖ್ಯೆ) ಎಂದು ಪುಟಗಟ್ಟಲೆ ಸಾಲುಗಳು; ಹೆಸರಿನ ಜಾಗದಲ್ಲಿ ಅಡ್ಮಿನಿಸ್ಟ್ರೇಟರ್, ಅಡ್ಮಿನ್, ಟೆಸ್ಟ್. ಪೋರ್ಟ್ ಸಂಖ್ಯೆ ಬದಲಿಸಿದೆ, ಕೆಲವೇ ದಿನ ನೆಮ್ಮದಿ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ 2019ರಲ್ಲಿ ಬಯಲಾದ ಬ್ಲೂಕೀಪ್ ಎಂಬ ಭದ್ರತಾ ಬಿರುಕು ನೆನಪಿರುವವರು ಯಾರೂ 3389ನ್ನು ಬೀದಿಗೆ ತೆರೆದಿಡುವುದಿಲ್ಲ. ಸೇವಾದಾರರ ಪೆಟ್ಟಿಗೆಯನ್ನು ಬ್ರಿಡ್ಜ್‌ಗೆ (ಸಂಪರ್ಕವನ್ನು ಬರೀ ದಾಟಿಸುವ ಸ್ಥಿತಿಗೆ) ಹಾಕಿಸಿ, ವೈರ್‌ಗಾರ್ಡ್ ಎಂಬ ಗೂಢಲಿಪಿಯ ಖಾಸಗಿ ಸುರಂಗ (ವಿಪಿಎನ್) ಇರುವ ಸ್ವಂತ ರೂಟರ್ ತಂದೆ. ನಾಲ್ಕು ಸಾವಿರದೊಳಗೆ ಬಂತು. ಸೇವಾದಾರರ ಸಂಪರ್ಕಕ್ಕೆ ಲಾಗಿನ್ ಆಗುವ ಪಿಪಿಪಿಒಇ ಪಾಸ್‌ವರ್ಡ್ ಕೊಡಲು ಕೇಬಲ್ ಹುಡುಗ ಗೊಣಗಿದ, ಕೊಟ್ಟ. ಈಗ ಹೊರಗೆ ತೆರೆದಿರುವುದು ಒಂದು ಯುಡಿಪಿ ಪೋರ್ಟ್ ಮಾತ್ರ. ಸರಿಯಾದ ಕೀಲಿ ಇಲ್ಲದೆ ಬಾಗಿಲು ಬಡಿದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ.

ಆದರೂ ಮಂಡ್ಯದಲ್ಲಿ ತೆರೆಯಲಿಲ್ಲ. ಕಕ್ಷಿದಾರರ ಕಚೇರಿಯ ಒಳ ವಿಳಾಸಗಳ ಸಾಲೂ 192.168.1, ನನ್ನ ಮನೆಯದೂ 192.168.1. ಲ್ಯಾಪ್‌ಟಾಪ್ ನನ್ನ ಕಂಪ್ಯೂಟರನ್ನು ಅವರ ಕಚೇರಿಯಲ್ಲೇ ಹುಡುಕುತ್ತಿತ್ತು! ಮನೆಯ ಸಾಲನ್ನು ಬದಲಿಸಿದೆ. ಯಾವುದಕ್ಕೆ ಎಂದು ಹೇಳುವುದಿಲ್ಲ, ಯಾರೂ ಬಳಸದ್ದನ್ನು ನೀವೇ ಆರಿಸಿಕೊಳ್ಳಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಲಾಗಿನ್ ಆಗಿ ಪರದೆ ಕಪ್ಪಾಗಿ ನಿಲ್ಲುತ್ತಿತ್ತು. ವೈರ್‌ಗಾರ್ಡ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1420 ಇದ್ದದ್ದನ್ನು 1280ಕ್ಕೆ ಇಳಿಸಿದ ಮೇಲೆ ಆ ಕಾಟ ತಪ್ಪಿತು.

ನಮ್ಮವರು ಹೆಚ್ಚು ಎಡವುವುದು ಡಿಜಿಟಲ್ ಸಹಿಯ ಟೋಕನ್‌ನಲ್ಲಿ (ಸಹಿ ಇರುವ ಯುಎಸ್‌ಬಿ ಕಡ್ಡಿ). ಮನೆಯ ಕಂಪ್ಯೂಟರಿಗೆ ಚುಚ್ಚಿಟ್ಟು ಬಂದರೆ ರಿಮೋಟ್ ಪರದೆಯಲ್ಲಿ ಅದು ಕಾಣುವುದಿಲ್ಲ. ನಾವು ಕುಳಿತ ಲ್ಯಾಪ್‌ಟಾಪ್‌ಗೆ ಚುಚ್ಚಿ, ಸಂಪರ್ಕದ ಸೆಟ್ಟಿಂಗ್‌ನಲ್ಲಿ ಸ್ಮಾರ್ಟ್ ಕಾರ್ಡ್‌ಗೆ ಗುರುತು ಹಾಕಬೇಕು. ಡ್ರೈವರ್ ಎರಡೂ ಕಡೆ ಇರಲಿ.

ಕರೆಂಟಿಗಾಗಿ ರೂಟರ್‌ಗೆ ಪುಟ್ಟ ಯುಪಿಎಸ್ ಹಾಕಿದೆ, ಸಾವಿರದ ಮುನ್ನೂರೋ ನಾನೂರೋ. ಕರೆಂಟ್ ಬಂದೊಡನೆ ಕಂಪ್ಯೂಟರ್ ತಾನೇ ಏಳುವಂತೆ ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಹೊಂದಿಸಿದೆ. ಆರಿದ ಕಂಪ್ಯೂಟರನ್ನು ನೆಟ್‌ವರ್ಕ್‌ ಮೂಲಕ ಎಬ್ಬಿಸುವ ವೇಕ್ ಆನ್ ಲ್ಯಾನ್‌ನ ಹುಚ್ಚೂ ಹಿಡಿದಿತ್ತು. ಹೊರಗಿನಿಂದ ಕಳಿಸಿದ ಪ್ಯಾಕೆಟ್ ಕಂಪ್ಯೂಟರ್ ಆರಿದ ಸ್ವಲ್ಪ ಹೊತ್ತಿಗೆಲ್ಲ ದಾರಿ ತಪ್ಪುತ್ತದೆ, ರೂಟರ್ ಅದರ ವಿಳಾಸವನ್ನು ಮರೆತಿರುತ್ತದೆ. ರೂಟರಿನಿಂದಲೇ ಎಬ್ಬಿಸುವ ಉಪಾಯ ನನ್ನ ಬಳಿ ಇದೆ, ಸದ್ಯ ಜೇಬಿನಲ್ಲೇ ಇರಲಿ.

ಮುದ್ರಣದ ತೊಡಕೊಂದು ಇನ್ನೂ ಬಗೆಹರಿದಿಲ್ಲ. ಮಂಡ್ಯದ ಕಚೇರಿಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ನೇರವಾಗಿ ಬಿಲ್ ಕಳಿಸಿದರೆ ಬಲದಂಚಿನ ಮೊತ್ತದ ಅಂಕಣ ಕತ್ತರಿಸಿ ಬರುತ್ತದೆ. ಪಿಡಿಎಫ್ ಮಾಡಿ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಮುದ್ರಿಸುತ್ತಿದ್ದೇನೆ.