ಬೆಳಗ್ಗೆ ಯಾವ ಮಾತ್ರೆ ತಗೋತೀರಾ?

2021ರಲ್ಲಿ, ಕೊರೊನಾ ಎರಡನೇ ಅಲೆ ಇಳಿದ ಮೇಲೆ, ಬೆಂಗಳೂರಿನ ಒಂದು ಕಂಪನಿಯಲ್ಲಿ ಆರೋಗ್ಯ ವಿಮೆ ಮಾರುವ ಕೆಲಸಕ್ಕೆ ಸೇರಿದೆ. ಹೆಡ್‌ಸೆಟ್ ಹಾಕಿಕೊಂಡು ಕೂತರೆ ಸಿಸ್ಟಮ್ಮೇ ಒಂದರ ಹಿಂದೆ ಒಂದು ನಂಬರ್ ಡಯಲ್ ಮಾಡುತ್ತಿತ್ತು. ದಿನಕ್ಕೆ ಮೂರು ಗಂಟೆ ಟಾಕ್‌ಟೈಮ್ ಆಗಲೇಬೇಕು. ತಿಂಗಳ ಟಾರ್ಗೆಟ್ ಪ್ರೀಮಿಯಂ ಲೆಕ್ಕದಲ್ಲಿ. ಆಗ ಜನರನ್ನು ಒಪ್ಪಿಸುವುದು ಕಷ್ಟವಿರಲಿಲ್ಲ. ಆಸ್ಪತ್ರೆ ಬಿಲ್ ಕಟ್ಟಲು ಒಡವೆ ಅಡವಿಟ್ಟವರು ತಾವಾಗಿಯೇ "ಯಾವ್ದಾದ್ರೂ ಒಂದು ಮಾಡ್ಕೊಡಿ ಮೇಡಂ" ಅನ್ನುತ್ತಿದ್ದರು.

ಕಷ್ಟ ಇದ್ದದ್ದು ಪ್ರಪೋಸಲ್ ಫಾರ್ಮಿನಲ್ಲಿ, ಅಂದರೆ ಪಾಲಿಸಿಯ ಅರ್ಜಿಯಲ್ಲಿ. ಶುಗರ್, ಬಿಪಿ ಇದೆ ಎಂದು ಬರೆದರೆ ಫೈಲು ಅಂಡರ್‌ರೈಟಿಂಗ್‌ಗೆ, ಅಂದರೆ ಪಾಲಿಸಿ ಕೊಡಬಹುದೇ ಎಂದು ಅಳೆದು ನೋಡುವವರ ಹತ್ತಿರ ಹೋಗುತ್ತದೆ: ಮೆಡಿಕಲ್ ಟೆಸ್ಟ್, ಹೆಚ್ಚುವರಿ ಪ್ರೀಮಿಯಂ, ಒಮ್ಮೊಮ್ಮೆ ಪಾಲಿಸಿಯೇ ಇಲ್ಲ. ‘ಇಲ್ಲ’ ಎಂದು ಬರೆದರೆ ಅದೇ ಕರೆಯಲ್ಲಿ ದುಡ್ಡು ಕಟ್ಟಿಸಿಕೊಂಡು ಮುಗಿಸಬಹುದು. ಸುಳ್ಳು ಬರೆಯಿರಿ ಎಂದು ಟೀಮ್ ಲೀಡರ್ ಯಾವತ್ತೂ ಹೇಳಲಿಲ್ಲ. "ಕಂಟ್ರೋಲಲ್ಲಿ ಇದೆ ಅಂತಾರಲ್ಲ, ಮತ್ತ್ಯಾಕೆ ಕೆದಕ್ತೀರಾ?" ಅನ್ನುತ್ತಿದ್ದರು, ಅಷ್ಟೆ.

ತುಮಕೂರು ಕಡೆಯ ಅಂಗಡಿಯವರೊಬ್ಬರು "ಶುಗರ್ ಮಾತ್ರೆ ಒಂದು ತಗೋತೀನಮ್ಮ, ಈಗ ನಾರ್ಮಲ್ಲೇ ಇದೆ" ಎಂದರು. ಅಂದು ತಿಂಗಳ ಕೊನೆಯ ದಿನ. ನಾನು ‘ಇಲ್ಲ’ ಎಂದು ಗುರುತು ಹಾಕಿದೆ.

ಮರುವರ್ಷ ಮಳೆಗಾಲದಲ್ಲಿ ಅವರಿಗೆ ಡೆಂಗ್ಯೂ ಬಂತು. ಅಡ್ಮಿಟ್ ಆಗುವಾಗ ಡಾಕ್ಟರ್ ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೇ ಹೇಳಿದ್ದಾರೆ. ಡಾಕ್ಟರ ಹತ್ತಿರ ಯಾರು ಮುಚ್ಚಿಡುತ್ತಾರೆ? ‘ಆರು ವರ್ಷದಿಂದ ಮಧುಮೇಹ’ ಎಂದು ಕೇಸ್ ಶೀಟಿನಲ್ಲಿ ಬರೆದಾಯಿತು. ಮಾಹಿತಿ ಮುಚ್ಚಿಟ್ಟಿದ್ದಾರೆಂದು ಕ್ಲೇಮ್ ತಿರಸ್ಕಾರವಾಯಿತು, ಪಾಲಿಸಿಯೂ ರದ್ದಾಯಿತು. ಶುಗರ್ ಇದೆ ಎಂದು ಬರೆದು ಪಾಲಿಸಿ ಮಾಡಿಸಿದ್ದರೆ ಶುಗರ್‌ಗೆ ಸಂಬಂಧಿಸಿದ ಚಿಕಿತ್ಸೆಯ ಹಣಕ್ಕೆ ಮಾತ್ರ ಕಾಯಬೇಕಿತ್ತು. ಡೆಂಗ್ಯೂಗೆ ಮೊದಲ 30 ದಿನ ಕಳೆದರೆ ಸಾಕಿತ್ತು.

ಅವರ ಮಗ ಫೋನ್ ಮಾಡಿದಾಗ ಬೈಯಲಿಲ್ಲ. "ಅಪ್ಪ ನಿಮಗೆ ಹೇಳಿದ್ರಂತಲ್ಲ ಮೇಡಂ?" ಎಂದಷ್ಟೇ ಕೇಳಿದರು. ಹೌದು, ಹೇಳಿದ್ದರು, ನಾನೇ ಬರೆಯಲಿಲ್ಲ ಎಂದು ಒಪ್ಪಿಕೊಂಡೆ. ಆ ಕರೆಯ ರೆಕಾರ್ಡಿಂಗ್ ಕೊಡಿ ಎಂದು ಲಿಖಿತವಾಗಿ ಕೇಳಲು ಹೇಳಿದೆ. ಮೊದಲು ಕಂಪನಿಗೆ ದೂರು ಕೊಡಿ, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮೆಯ ದೂರು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ, ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ ಎಂದು ವಿವರಿಸಿದೆ. ಕಂಪನಿಯ ಮಟ್ಟದಲ್ಲೇ ರೆಕಾರ್ಡಿಂಗ್ ಕೇಳಿ ಹಣ ಕೊಟ್ಟರು, ಆದರೆ ಐದು ತಿಂಗಳು ಹಿಡಿಯಿತು. ಅಷ್ಟು ದಿನ ಅವರು ಬಡ್ಡಿ ಕಟ್ಟಿದರು.

ಅಲ್ಲಿಂದ ನಾನು ಕೇಳುವ ರೀತಿಯೇ ಬದಲಾಯಿತು. "ಕಾಯಿಲೆ ಏನಾದ್ರೂ ಇದೆಯಾ?" ಎಂದರೆ ನಮ್ಮ ಜನ ಇಲ್ಲ ಎಂದೇ ಹೇಳುತ್ತಾರೆ. ಮಾತ್ರೆಯಲ್ಲಿ ಹತೋಟಿಗೆ ಬಂದದ್ದು ಅವರ ಲೆಕ್ಕದಲ್ಲಿ ಕಾಯಿಲೆಯೇ ಅಲ್ಲ. ಅದಕ್ಕೇ "ಬೆಳಗ್ಗೆ ಯಾವ ಮಾತ್ರೆ ತಗೋತೀರಾ?" ಎನ್ನುತ್ತೇನೆ. ಆಮೇಲೆ ಆಪರೇಷನ್ ಗುರುತು ಮೈಮೇಲೆ ಎಲ್ಲಾದರೂ ಇದೆಯೇ ಎಂದು ಕೇಳುತ್ತೇನೆ. ಈ ಎರಡು ಪ್ರಶ್ನೆಗೆ ಹೊರಬರುವಷ್ಟು ವಿಷಯ ಫಾರ್ಮಿನ ಉದ್ದನೆಯ ಪಟ್ಟಿ ಓದಿದರೂ ಬರುವುದಿಲ್ಲ.

ರೂಮ್ ಬಾಡಿಗೆಯ ಮಿತಿಯನ್ನೂ ಲೆಕ್ಕ ಹಾಕಿಯೇ ತೋರಿಸುತ್ತೇನೆ. 3 ಲಕ್ಷದ ಪಾಲಿಸಿಯಲ್ಲಿ ಶೇ 1ರ ಮಿತಿ ಇದ್ದರೆ ದಿನಕ್ಕೆ 3,000 ರೂಪಾಯಿ ರೂಮು. 6,000ದ್ದು ತೆಗೆದುಕೊಂಡರೆ ಬಾಡಿಗೆಯ ಜೊತೆಗೆ ಸರ್ಜನ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜಿಗೂ ವಿಮೆಯಿಂದ ಅರ್ಧ ಹಣವೇ ಸಿಗುತ್ತದೆ. ಔಷಧಿಗೆ ಈ ಕಡಿತ ಇಲ್ಲ. ಇದನ್ನು ಮೊದಲೇ ಹೇಳಿದರೆ ಸೇಲ್ ತಪ್ಪುತ್ತದೆ ಎಂದು ನಮ್ಮ ಫ್ಲೋರಿನಲ್ಲಿ ಹೆದರುತ್ತಿದ್ದರು. ಕೆಲವು ತಪ್ಪಿಯೂ ಇವೆ. ಎರಡು ತಿಂಗಳು ನನಗೆ ಇನ್ಸೆಂಟಿವ್ ಬರಲಿಲ್ಲ.

2024ರ ಏಪ್ರಿಲ್‌ನಿಂದ ಮೊದಲೇ ಇದ್ದ ಕಾಯಿಲೆಗೆ ಕಾಯುವ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಯ ಮೇಲಿದ್ದ ಶೇ 18ರ ಜಿಎಸ್‌ಟಿಯೂ ಹೋಗಿದೆ. ಕಾಯಿಲೆ ಹೇಳಿಕೊಂಡೇ ಪಾಲಿಸಿ ಮಾಡಿಸಿ ಎನ್ನಲು ಈಗ ನನಗೆ ಇನ್ನಷ್ಟು ಧೈರ್ಯ.

ಮೊನ್ನೆ ಹಾಸನದ ಟೀಚರೊಬ್ಬರು "ನನಗೇನೂ ಇಲ್ಲಪ್ಪ" ಎಂದರು. ಮಾತ್ರೆಯ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಥೈರಾಯ್ಡ್‌ದು ಒಂದಿದೆ. ಅದೂ ಹೇಳ್ಬೇಕಾ?" ಎಂದರು.

"ಹೇಳ್ಬೇಕು ಮೇಡಂ. ಆ ಮಾತ್ರೆ ಶೀಟು ತಗೊಂಡ್ಬನ್ನಿ, ನಾನು ಲೈನಲ್ಲೇ ಇರ್ತೀನಿ" ಎಂದೆ.