ಸಂಬಳದ ಸಾಲಿನಿಂದ ಶುರು: ಸಮುದಾಯ ಆರೋಗ್ಯಕ್ಕೆ ಅನುದಾನ ಕೊಡುವ ನನ್ನ ಅನುಭವ

ಬೆಂಗಳೂರಿನಲ್ಲಿ ಸಮುದಾಯ ಆರೋಗ್ಯದ ಕೆಲಸ ಮಾಡುವ ಸಣ್ಣ ಸಂಸ್ಥೆಗಳಿಗೆ ನಮ್ಮ ಫೌಂಡೇಶನ್ ಹಣ ಕೊಡುತ್ತದೆ. ಯಾರಿಗೆ ಕೊಡಬೇಕು, ಎಷ್ಟು, ಎಷ್ಟು ವರ್ಷಕ್ಕೆ ಅನ್ನುವುದನ್ನು ನೋಡಿಕೊಳ್ಳುವ ತಂಡದ ಜವಾಬ್ದಾರಿ ನನ್ನದು. ಇದಕ್ಕೆ ಮೊದಲು ನಾನು ಒಂದು ಸಂಸ್ಥೆಯಲ್ಲಿ ಪ್ರೊಪೋಸಲ್ ಬರೆಯುತ್ತಿದ್ದೆ. ಕೇಳುವವರ ಸಂಕೋಚವೂ ಗೊತ್ತು, ಕೊಡುವವರ ಅನುಮಾನವೂ ಗೊತ್ತು.

ಯಾವ ಪ್ರೊಪೋಸಲ್ ಬಂದರೂ ನಾನು ಮೊದಲು ಕೊನೆಯ ಪುಟ ತೆಗೆಯುತ್ತೇನೆ. ಬಜೆಟ್ ಇರುವುದು ಅಲ್ಲೇ. ಒಂದು ಸಲ ಬಂದಿದ್ದನ್ನು ಹೇಳುತ್ತೇನೆ. ಬಿಪಿ, ಶುಗರ್ ತಪಾಸಣೆಯ ಯೋಜನೆ. ಬಿಪಿ ಮಷಿನ್, ಗ್ಲುಕೋಮೀಟರ್, ಅದರ ಸ್ಟ್ರಿಪ್, ಮಾಹಿತಿ ತುಂಬಲು ಟ್ಯಾಬ್, ಕ್ಯಾಂಪಿಗೆ ಶಾಮಿಯಾನ, ಬ್ಯಾನರ್, ಎಲ್ಲಕ್ಕೂ ಕೊಟೇಶನ್ ಸಮೇತ ಲೆಕ್ಕವಿತ್ತು. ಕೆಳಗೆ ಆರೋಗ್ಯ ಕಾರ್ಯಕರ್ತೆಯರಿಗೆ ಗೌರವಧನ ಅಂತ ಒಂದು ಸಣ್ಣ ಮೊತ್ತ. ಓಡಾಟದ ಖರ್ಚಿನ ಜಾಗದಲ್ಲಿ ಬರೀ ಒಂದು ಗೆರೆ. ಫೋನ್ ಮಾಡಿ ಕೇಳಿದೆ. ಸಂಸ್ಥೆ ನಡೆಸುವವರು ಹೇಳಿದರು: "ಅದನ್ನ ಹಾಕಿದ್ರೆ ಹೇಗೂ ಕಟ್ ಮಾಡ್ತಾರೆ ಮೇಡಂ. ಅದಕ್ಕೇ ನಾವೇ ಬಿಟ್ವಿ."

ಚಪ್ಪರಕ್ಕೆ ದುಡ್ಡಿಟ್ಟು ಅಡುಗೆಯವರಿಗೆ ಇಡದ ಮದುವೆಯ ಹಾಗೆ ಇದು. ತಪ್ಪು ಆ ಸಂಸ್ಥೆಯದ್ದಲ್ಲ. ಕೊಡುವ ನಾವೆಲ್ಲ ಸೇರಿ ಕಲಿಸಿದ ಪಾಠ. ಮಷಿನ್ ಕೊಟ್ಟರೆ ಅದರ ಮೇಲೆ ಹೆಸರು ಅಂಟಿಸಬಹುದು, ಫೋಟೋ ತೆಗೆಯಬಹುದು. ಸಂಬಳ ಫೋಟೋದಲ್ಲಿ ಕಾಣುವುದಿಲ್ಲ.

ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಕಾರ್ಯಕರ್ತೆಯರಿಗೆ ಬಸ್ ಚಾರ್ಜ್ ಉಳಿದಿದೆ ನಿಜ. ಆದರೆ ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರು ನೀಲಿ ಶೀಟಿನ ಶೆಡ್ ಹಾಕಿಕೊಂಡಿರುವ ಖಾಲಿ ಸೈಟಿನವರೆಗೆ ಬಸ್ ಹೋಗುವುದಿಲ್ಲ. ಮೇನ್ ರೋಡಿನಿಂದ ಒಳಗೆ ಆಟೋನೇ ಗತಿ, ಇಲ್ಲಾ ನಡಿಗೆ. ಆ ಆಟೋ ದುಡ್ಡು ಯಾರ ಕೈಯಿಂದ ಹೋಗುತ್ತಿದೆ ಅಂತ ನಾನು ಪ್ರತಿ ಸಂಸ್ಥೆಯನ್ನೂ ಕೇಳುತ್ತೇನೆ. ಹೆಚ್ಚಿನ ಸಲ ಕಾರ್ಯಕರ್ತೆಯ ಕೈಯಿಂದಲೇ ಹೋಗುತ್ತಿರುತ್ತದೆ.

ಇಷ್ಟೊಂದು ಒತ್ತಿ ಯಾಕೆ ಹೇಳುತ್ತೇನೆ ಅಂದರೆ, ಬಿಪಿ, ಶುಗರ್ ಮಾತ್ರೆ ನಗರ ಆರೋಗ್ಯ ಕೇಂದ್ರದಲ್ಲಿ, ಸರ್ಕಾರ ನಡೆಸುವ ನಮ್ಮ ಕ್ಲಿನಿಕ್‌ನಲ್ಲಿ ಉಚಿತವಾಗಿ ಸಿಗುತ್ತವೆ. ನಿಯಮದ ಪ್ರಕಾರ ಸುಮಾರು 50,000 ಜನರಿಗೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ. ಕೇಂದ್ರ ಇದೆ, ಮಾತ್ರೆ ಇದೆ. ಆ ಮಾತ್ರೆ ಹೊಟ್ಟೆಗೆ ಹೋಗುತ್ತಿದೆಯಾ ಅಂತ ಮನೆಗೆ ಹೋಗಿ ನೋಡುವ ಮನುಷ್ಯರು ಕಡಿಮೆ. ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೊರಲಾರದಷ್ಟು ಕೆಲಸ ಇದೆ. ಸಂಸ್ಥೆಗಳ ಕಾರ್ಯಕರ್ತೆಯರು ಅವರ ಪಕ್ಕದಲ್ಲಿ ನಿಂತು ಈ ಓಡಾಟ ಹಂಚಿಕೊಳ್ಳುತ್ತಾರೆ.

ಕೋರಮಂಗಲದ ಹತ್ತಿರದ ಒಂದು ಏರಿಯಾದಲ್ಲಿ ಅಂಥ ಒಬ್ಬ ಕಾರ್ಯಕರ್ತೆಯ ಜೊತೆ ಹೋಗಿದ್ದೆ. ಒಂದು ಮನೆಯಲ್ಲಿ ಅಪಾರ್ಟ್‌ಮೆಂಟ್ ಮನೆಗೆಲಸಕ್ಕೆ ಹೋಗುವ ಹೆಂಗಸು, ಶುಗರ್ ಇದೆ. ನಾನಾಗಿದ್ದರೆ "ಮಾತ್ರೆ ತಗೋತಾ ಇದ್ದೀರಾ?" ಅಂತ ಕೇಳುತ್ತಿದ್ದೆ. ಅವರು "ಹೂಂ" ಅನ್ನುತ್ತಿದ್ದರು. ಕಾರ್ಯಕರ್ತೆ ಕೇಳಿದ್ದು ಹಾಗಲ್ಲ. "ಅಕ್ಕಾ, ಡಬ್ಬ ಕೊಡಿ ನೋಡೋಣ" ಅಂದಳು. ಪ್ಲಾಸ್ಟಿಕ್ ಡಬ್ಬದಲ್ಲಿ ಮಾತ್ರೆ ಶೀಟುಗಳಿದ್ದವು. ರಾತ್ರಿಯವು ಖಾಲಿಯಾಗಿದ್ದವು, ಬೆಳಗಿನವು ಹಾಗೇ ಉಳಿದಿದ್ದವು. ಬೈಯಲಿಲ್ಲ. "ಬೆಳಗ್ಗೆ ಎಷ್ಟೊತ್ತಿಗೆ ತಿಂಡಿ ತಿಂತೀರ?" ಅಂದಳು. ವಿಷಯ ಆಗ ಬಂತು. ಆರಕ್ಕೇ ಮನೆ ಬಿಡಬೇಕು, ಮೂರನೇ ಮನೆಯಲ್ಲಿ ತಿಂಡಿ ಕೊಡುವ ಹೊತ್ತಿಗೆ ಹನ್ನೊಂದು. ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಅದಕ್ಕೇ ಬಿಟ್ಟಿದ್ದಾರೆ. ಮೆಟ್‌ಫಾರ್ಮಿನ್ ಅನ್ನುವ ಈ ಶುಗರ್ ಮಾತ್ರೆಯನ್ನು ಊಟ, ತಿಂಡಿಯ ಜೊತೆ ತೆಗೆದುಕೊಳ್ಳಬೇಕು. ಕಾರ್ಯಕರ್ತೆ ಪುಸ್ತಕದಲ್ಲಿ ಬರೆದುಕೊಂಡಳು, ಡಾಕ್ಟರ್ ಹತ್ತಿರ ಹೇಳಿ ಹೊತ್ತು ಬದಲಾಯಿಸೋಣ ಅಂದಳು. ಡಾಕ್ಟರ್ ಹತ್ತಿರ ಹೋಗುವುದು ಯಾವಾಗ? ಹೆಚ್ಚಿನ ಕೇಂದ್ರಗಳು ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆವರೆಗೆ. ಈ ಅಕ್ಕ ಮನೆಗೆ ಬರುವುದು ಐದಕ್ಕೆ. ಅದಕ್ಕೂ ಕಾರ್ಯಕರ್ತೆಯೇ ದಾರಿ ಹುಡುಕಿದಳು. ಕೆಲಸದ ಮನೆಯವರಿಗೆ ತಾನೇ ಫೋನ್ ಮಾಡಿ ಒಂದು ದಿನ ಬೇಗ ಬಿಡಿಸುವುದಾಗಿ ಹೇಳಿದಳು.

ಡಬ್ಬ ಕೊಡಿ ಅನ್ನುವ ಸಲುಗೆ ಬರಲು ಆಕೆಗೆ ವರ್ಷಗಳೇ ಹಿಡಿದಿವೆ. ಅದೇ ಏರಿಯಾದಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ನಾಲ್ಕರಲ್ಲೂ ಮಾತಾಡುತ್ತಾಳೆ. ಒಂದು ವರ್ಷದ ಪ್ರಾಜೆಕ್ಟ್ ಮುಗಿಯಿತು ಅಂತ ಇಂಥವಳನ್ನು ಮಾರ್ಚ್‌ನಲ್ಲಿ ಮನೆಗೆ ಕಳಿಸಿ, ಹೊಸ ಫಂಡ್ ಬಂದಾಗ ಇನ್ನೊಬ್ಬಳನ್ನು ತಂದರೆ, ಆ ಮನೆಗಳಲ್ಲಿ ಮೊದಲಿನಿಂದ ಶುರು ಮಾಡಬೇಕು.

ಹಾಗಾಗಿ ನಮ್ಮ ಪದ್ಧತಿಯನ್ನೇ ಬದಲಾಯಿಸಿದೆವು. ಈಗ ನಮ್ಮ ಬಜೆಟ್ ನಮೂನೆಯಲ್ಲಿ ಗೌರವಧನ ಅನ್ನುವ ಸಾಲಿಲ್ಲ, ಸಂಬಳ ಅಂತ ಇದೆ. ಅನ್ವಯವಾಗುವ ಕಡೆ ಪಿಎಫ್‌ಗೆ ಮಾಲೀಕರ ಪಾಲು 12 ಪರ್ಸೆಂಟ್, ನೌಕರರ ಸರ್ಕಾರಿ ಆರೋಗ್ಯ ವಿಮೆಯಾದ ಇಎಸ್ಐಗೆ 3.25 ಪರ್ಸೆಂಟ್ ಸಂಸ್ಥೆಯೇ ಹಾಕಿಕೊಂಡು ಬರಬೇಕು. ಇಎಸ್ಐ ವ್ಯಾಪ್ತಿಗೆ ಬರದ ಪುಟ್ಟ ಸಂಸ್ಥೆಯಾದರೆ ಆರೋಗ್ಯ ವಿಮೆಯ ಪ್ರೀಮಿಯಂ. ಊರಿಗೆಲ್ಲ ಆರೋಗ್ಯ ಹೇಳುವವಳಿಗೆ ಹುಷಾರಿಲ್ಲ ಅಂದಾಗ ಆಸ್ಪತ್ರೆಗೆ ಹೋಗಲು ದಾರಿ ಇರಬೇಕು, ಅಲ್ವಾ? ಬಾಡಿಗೆ, ಲೆಕ್ಕ ಬರೆಯುವವರ ಸಂಬಳ, ಆಡಿಟ್ ಫೀ ಕೂಡ ಮುಚ್ಚಿಡದೆ ಬರೆಯಿರಿ ಅಂತ ಹೇಳುತ್ತೇವೆ. ಅನುದಾನ ಮೂರು ವರ್ಷಕ್ಕೆ. ಅರ್ಜಿ ಎರಡು ಪುಟ, ಕನ್ನಡದಲ್ಲೂ ಆಗುತ್ತದೆ. ಬರೆಯುವುದು ಕಷ್ಟ ಅನ್ನುವವರ ಹತ್ತಿರ ನಮ್ಮ ತಂಡದವರೇ ಕೂತು, ಕೇಳಿ ಬರೆದುಕೊಳ್ಳುತ್ತಾರೆ. ಇಂಗ್ಲಿಷ್ ಚೆನ್ನಾಗಿ ಬರುವ ಸಂಸ್ಥೆಗೇ ಹಣ ಹೋಗುವುದು ನಿಲ್ಲಬೇಕು ಅನ್ನುವುದು ನನ್ನ ಬಹಳ ದಿನದ ಹಠ.

ನಮಗೆ ಹಣ ಕೊಡುವ ಕಂಪನಿಗಳೂ ಇವೆ. ಅವರ ಜೊತೆಗಿನ ಮಾತುಕತೆ ಬೇರೆ ರೀತಿಯದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 2 ಪರ್ಸೆಂಟ್ ಹಣವನ್ನು ಸಮಾಜದ ಕೆಲಸಕ್ಕೆ, ಅಂದರೆ ಸಿಎಸ್ಆರ್‌ಗೆ ಖರ್ಚು ಮಾಡಬೇಕು. ಅಲ್ಲಿ ಪದೇ ಪದೇ ಕೇಳಿಬರುವ ಮಾತು: "ಆಡಳಿತ ಖರ್ಚು 5 ಪರ್ಸೆಂಟ್ ದಾಟುವಂತಿಲ್ಲ." ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್ಆರ್ ಆಡಳಿತದ ಖರ್ಚಿಗೆ. ಫೀಲ್ಡ್‌ನಲ್ಲಿ ಕೆಲಸ ಮಾಡುವವರ ಸಂಬಳ ಯೋಜನೆಯದ್ದೇ ಖರ್ಚು. ನಿಯಮದ ಆ ಪುಟವನ್ನು ಪ್ರಿಂಟ್ ತೆಗೆದು ಜೊತೆಗೇ ಒಯ್ಯುತ್ತೇನೆ. ಎರಡನೇ ಮಾತು, "ಮಾರ್ಚ್ ಒಳಗೆ ಖರ್ಚಾಗಬೇಕು." ಅದಕ್ಕೂ ದಾರಿ ಇದೆ. ನಿಯಮದಲ್ಲೇ ಮುಂದುವರಿಯುವ ಯೋಜನೆ ಅಂತ ಒಂದು ಬಗೆ ಇದೆ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ನಡೆಸಬಹುದು. ಉಳಿದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ಅದಕ್ಕೆಂದೇ ಇರುವ ಪ್ರತ್ಯೇಕ ಖಾತೆಗೆ ಹಾಕಬೇಕು, ಅಷ್ಟೇ. ಇದನ್ನು ಸಮಾಧಾನದಿಂದ ಹೇಳಿದರೆ ಕೇಳುವವರು ಇದ್ದಾರೆ. ಫೆಬ್ರವರಿಯಲ್ಲಿ ಹೇಳಿದರೆ ಮಾತ್ರ ಯಾರಿಗೂ ಕೇಳುವ ತಾಳ್ಮೆ ಇರುವುದಿಲ್ಲ. ಆಗಸ್ಟ್‌ನಲ್ಲೇ ಹೋಗುತ್ತೇನೆ.

ವಿದೇಶಿ ಹಣದ ಬಗ್ಗೆ ಹೆಚ್ಚು ಹೇಳಲು ಇಲ್ಲ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಒಂದು ಸಂಸ್ಥೆಗೆ ಬಂದ ಎಫ್‌ಸಿಆರ್‌ಎ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ. ಏರಿಯಾ ಮಟ್ಟದ ಪುಟ್ಟ ಸಂಸ್ಥೆಗಳಿಗೆ ದೊಡ್ಡವರ ಮೂಲಕ ಬರುತ್ತಿದ್ದ ಆ ದಾರಿ ಮುಚ್ಚಿತು. ನಾವು ಕೊಡುವ ದೇಶೀಯ ಹಣಕ್ಕೆ ಬೇಡಿಕೆ ಇರುವುದಕ್ಕೆ ಅದೂ ಒಂದು ಕಾರಣ.

ಟ್ರಸ್ಟಿಗಳ ಮೀಟಿಂಗ್‌ನಲ್ಲಿ ಬರುವ ಪ್ರಶ್ನೆ ಇನ್ನೊಂದು. 2023ರ ಹಣಕಾಸು ಕಾಯ್ದೆ ತಂದ ಬದಲಾವಣೆಯಿಂದ, ಒಂದು ಟ್ರಸ್ಟ್ ಇನ್ನೊಂದು ಟ್ರಸ್ಟಿಗೆ 100 ರೂಪಾಯಿ ಕೊಟ್ಟರೆ ತೆರಿಗೆ ಲೆಕ್ಕಕ್ಕೆ 85 ಮಾತ್ರ ಖರ್ಚು ಅಂತ ಸೇರುತ್ತದೆ. ಹಾಗಾದರೆ ನಾವೇ ನೇರವಾಗಿ ಕ್ಯಾಂಪ್ ಮಾಡಿದರೆ ಒಳ್ಳೆಯದಲ್ಲವಾ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ನಾನು ವಾದ ಮಾಡುವುದಕ್ಕಿಂತ ಕರೆದುಕೊಂಡು ಹೋಗುವುದು ಜಾಸ್ತಿ. ಒಬ್ಬ ಹಿರಿಯ ಟ್ರಸ್ಟಿ, ಇಡೀ ಜೀವನ ವ್ಯಾಪಾರ ಮಾಡಿದವರು, ಒಂದು ಮಧ್ಯಾಹ್ನ ಕಾರ್ಯಕರ್ತೆಯ ಜೊತೆ ಮನೆ ಮನೆ ಸುತ್ತಿದರು. ವಾಪಸ್ ಬರುವಾಗ ಕಾರಿನಲ್ಲಿ ನನ್ನನ್ನು ಕೇಳಿದ್ದು ಒಂದೇ: "ಆ ಹುಡುಗಿಗೆ ನಾವು ಎಷ್ಟು ಸಂಬಳ ಕೊಡ್ತಾ ಇದ್ದೀವಿ?" ಮುಂದಿನ ಮೀಟಿಂಗ್‌ನಲ್ಲಿ ವರ್ಷ ವರ್ಷ ಸಂಬಳ ಏರಿಸುವ ಸಾಲು ಸೇರಿಸಿದ್ದು ಅವರೇ.

ದೀರ್ಘ ಕಾಲದ ಕೆಲಸಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ ಅಂತಲೂ ಟ್ರಸ್ಟಿಗಳಿಗೆ ನೆನಪಿಸುತ್ತೇನೆ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಬುಡಕಟ್ಟಿನವರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಅವರ ಕರುಣಾ ಟ್ರಸ್ಟ್ ಚಾಮರಾಜನಗರ ಜಿಲ್ಲೆಯ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರವನ್ನು ನಡೆಸಲು ವಹಿಸಿಕೊಂಡಿದ್ದು 1996ರಲ್ಲಿ. ನಡುವೆ ಹದಿನೈದು ವರ್ಷ. ನಾವು ಕೇಳುತ್ತಿರುವುದು ಬರೀ ಮೂರು.

ಹಣ ಕೈಯಲ್ಲಿರುವವರಿಗೆ ಯಾರೂ ಸುಲಭವಾಗಿ ನಿಜ ಹೇಳುವುದಿಲ್ಲ. ಈ ಕೆಲಸದ ಅತಿ ಕಷ್ಟದ ಭಾಗ ಇದೇ. ಹೋದ ಕಡೆಯೆಲ್ಲ ಶಾಲು, ಹಾರ, "ನಿಮ್ಮಿಂದಲೇ ಎಲ್ಲ" ಅನ್ನುವ ಮಾತು. ಶಾಲು, ಹಾರ ಬೇಡ ಅಂತ ಒಪ್ಪಂದದ ಪತ್ರದಲ್ಲೇ ಬರೆದಿದ್ದೇವೆ. ಭೇಟಿಗೆ ಹೋದಾಗ ಸ್ವಲ್ಪ ಹೊತ್ತು ಕಾರ್ಯಕರ್ತೆಯರ ಜೊತೆ, ಅವರ ಮುಖ್ಯಸ್ಥರಿಲ್ಲದೆ, ಕೂರುತ್ತೇನೆ. ಸಂಬಳ ಯಾವ ತಾರೀಖಿಗೆ ಬರುತ್ತದೆ, ಯಾವ ಮನೆಗೆ ಹೋಗಲು ಭಯವಾಗುತ್ತದೆ, ಯಾವ ಫಾರಂ ಸುಮ್ನೆ ತುಂಬುತ್ತೀರಿ. ಈ ಮೂರು ಕೇಳಿದರೆ ಸಾಕು, ಮಾತು ತಾನಾಗಿ ಬರುತ್ತದೆ. ಆರೋಗ್ಯ ಕೇಂದ್ರದ ನರ್ಸ್ ಹತ್ತಿರವೂ ವಿಚಾರಿಸುತ್ತೇನೆ. ಒಳ್ಳೆಯ ಸಂಸ್ಥೆಯಾದರೆ ಕಾರ್ಯಕರ್ತೆಯ ಹೆಸರು ಹಿಡಿದೇ ಹೇಳುತ್ತಾರೆ.

"ಯಾವ ಫಾರಂ ಸುಮ್ನೆ ತುಂಬುತ್ತೀರಿ" ಅನ್ನುವ ಪ್ರಶ್ನೆಯಿಂದ ನಮ್ಮದೇ ವರದಿ ನಮೂನೆ ಅರ್ಧಕ್ಕೆ ಇಳಿಯಿತು. ಎಷ್ಟು ಜನರನ್ನು ಪರೀಕ್ಷೆ ಮಾಡಿದಿರಿ ಅನ್ನುವುದಕ್ಕಿಂತ, ಬಿಪಿ ಇದೆ ಅಂತ ಗೊತ್ತಾದವರಲ್ಲಿ ಎಷ್ಟು ಜನ ಆರು ತಿಂಗಳ ನಂತರವೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಎಷ್ಟು ಜನರ ಬಿಪಿ ಹತೋಟಿಗೆ ಬಂದಿದೆ ಅಂತ ಕೇಳುತ್ತೇವೆ. ಸಂಖ್ಯೆ ಚಿಕ್ಕದಾಗುತ್ತದೆ. ಚಿಕ್ಕದಾದರೆ ಹಣ ನಿಲ್ಲುವುದಿಲ್ಲ ಅಂತ ಮೊದಲ ದಿನವೇ ಹೇಳಿರಬೇಕು, ಇಲ್ಲದಿದ್ದರೆ ಸಂಖ್ಯೆ ತಾನಾಗಿ ದೊಡ್ಡದಾಗುತ್ತದೆ. ಕ್ಷಯರೋಗದ ಕೆಲಸಕ್ಕೂ ಇದೇ ಮಾತು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ. ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿದೆ. ಆದರೆ ರೋಗಿಯ ಬ್ಯಾಂಕ್ ಖಾತೆ ನಿಂತುಹೋಗಿದ್ದರೆ ಅದು ಕೈಗೆ ಬರುವುದಿಲ್ಲ. ಒಬ್ಬರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಖಾತೆ ಸರಿಮಾಡಿಸಲು ಅರ್ಧ ದಿನ ಬೇಕು. ನಮ್ಮ ವರದಿಯಲ್ಲಿ ಆ ಅರ್ಧ ದಿನಕ್ಕೂ ಒಂದು ಕಾಲಂ ಇದೆ.

ಇಲ್ಲ ಅನ್ನುವುದೂ ಕೆಲಸದ ಭಾಗ. ಬರುವ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಇಲ್ಲ ಅನ್ನಲೇಬೇಕು. ಅದನ್ನು ತಿಂಗಳೊಳಗೆ, ಫೋನ್‌ನಲ್ಲಿ, ಕಾರಣ ಸಮೇತ ಹೇಳುತ್ತೇವೆ. ಉತ್ತರವೇ ಕೊಡದೆ ಕಾಯಿಸಿದರೆ ಆ ಸಂಸ್ಥೆ ಬೇರೆ ಕಡೆ ಕೇಳುವ ಹೊತ್ತನ್ನೂ ಕಳೆದುಕೊಳ್ಳುತ್ತದೆ.

ಮೂರು ವರ್ಷ ಮುಗಿಯುವಾಗ ಏನು ಅನ್ನುವುದನ್ನು ಈಗೀಗ ಗಟ್ಟಿ ಮಾಡುತ್ತಿದ್ದೇವೆ. ಮುಂದುವರಿಸುತ್ತೇವೋ ಇಲ್ಲವೋ ಅನ್ನುವುದನ್ನು ಎರಡನೇ ವರ್ಷದ ಕೊನೆಯಲ್ಲೇ ಬರಹದಲ್ಲಿ ತಿಳಿಸಬೇಕು ಅಂತ ತೀರ್ಮಾನವಾಗಿದೆ. ಮುಂದುವರಿಸದಿದ್ದರೆ ಕಾರ್ಯಕರ್ತೆಯರ ಆರು ತಿಂಗಳ ಸಂಬಳವನ್ನು ಬೇರೆಯಾಗಿ ಇಟ್ಟು ಹೊರಡಬೇಕು ಅನ್ನುವುದು ನನ್ನ ಪ್ರಸ್ತಾವ. ಬೆಂಗಳೂರಿಗೆ 2025ರ ಸೆಪ್ಟೆಂಬರ್‌ನಲ್ಲಿ ಒಂದರ ಬದಲು ಐದು ಪಾಲಿಕೆ ಬಂದ ಮೇಲೆ, ಯಾವ ಅಧಿಕಾರಿಯನ್ನು ಎಲ್ಲಿ ಕಾಣಬೇಕು ಅನ್ನುವುದನ್ನು ಸಂಸ್ಥೆಗಳು ಹೊಸದಾಗಿ ಕಲಿಯುತ್ತಿವೆ. ಇಂಥ ಹೊತ್ತಿನಲ್ಲಿ ಹಳೆಯ ಕಾರ್ಯಕರ್ತೆಯರು ಕೈಬಿಟ್ಟು ಹೋದರೆ ಏರಿಯಾಗೂ ಆರೋಗ್ಯ ಕೇಂದ್ರಕ್ಕೂ ನಡುವಿನ ಕೊಂಡಿಯೇ ಕಳಚುತ್ತದೆ. ಮುಂದಿನ ಟ್ರಸ್ಟಿಗಳ ಮೀಟಿಂಗ್‌ಗೆ ನಾನು ತಯಾರು ಮಾಡುತ್ತಿರುವ ಟಿಪ್ಪಣಿ ಇದರ ಬಗ್ಗೆಯೇ.