ವಿಪಿಎನ್ ಕನೆಕ್ಟ್ ಆಗಿದೆ, ಸರ್ವರ್ ಮಾತ್ರ ಸಿಗುತ್ತಿಲ್ಲ: ಪ್ಯಾಕೆಟ್ ಹೋದ ದಾರಿ ಹುಡುಕುವುದು ಹೇಗೆ

ಮನೆಯಲ್ಲಿ ಕೂತವರನ್ನು ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವುದು ವಿಪಿಎನ್. ಕನೆಕ್ಟ್ ಆಗಿದೆ ಅಂತ ಅದರ ಕ್ಲೈಂಟ್ (ಲ್ಯಾಪ್‌ಟಾಪ್‌ನಲ್ಲಿರುವ ಆ್ಯಪ್) ಹೇಳುತ್ತದೆ. ಹಸಿರು ಗುರುತೂ ಬಂದಿದೆ. ಆದರೂ ಆಫೀಸಿನ ಫೈಲ್ ಸರ್ವರ್ ತೆರೆಯುವುದಿಲ್ಲ. ಇಲ್ಲವೇ ಆಫೀಸು ಸಿಗುತ್ತದೆ, ಮನೆಯ ಪ್ರಿಂಟರ್ ಮಾಯ. ಆಗ ಹೆಚ್ಚಿನವರು ಡಿಸ್ಕನೆಕ್ಟ್ ಮಾಡಿ ಮತ್ತೆ ಕನೆಕ್ಟ್ ಮಾಡುತ್ತಾರೆ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುತ್ತಾರೆ, ಕೊನೆಗೆ ಕ್ಲೈಂಟನ್ನೇ ಕಿತ್ತು ಮತ್ತೆ ಹಾಕುತ್ತಾರೆ. ಅರ್ಧ ದಿನ ಹೋಯಿತು, ತೊಂದರೆ ಅಲ್ಲೇ ಇದೆ. ಹಾಗೆ ಮಾಡಬೇಡಿ. ಮೊದಲು ಎರಡೇ ಪ್ರಶ್ನೆ ಕೇಳಿ. ಸರ್ವರ್ ಹೆಸರು ಸರಿಯಾದ ಐಪಿ (ನೆಟ್‌ವರ್ಕ್‌ನಲ್ಲಿ ಅದರ ಸಂಖ್ಯೆಯ ವಿಳಾಸ) ಕೊಡುತ್ತಿದೆಯಾ? ಆ ಐಪಿಗೆ ಹೊರಟ ಪ್ಯಾಕೆಟ್ (ಡೇಟಾದ ತುಣುಕು) ಯಾವ ಇಂಟರ್‌ಫೇಸ್ (ವೈಫೈ, ವಿಪಿಎನ್ ಅಡಾಪ್ಟರ್ ಥರದ ಹೊರದಾರಿ) ಹಿಡಿಯುತ್ತಿದೆ? ಎರಡಕ್ಕೂ ಉತ್ತರ ನಿಮ್ಮ ಕಂಪ್ಯೂಟರಿನಲ್ಲೇ ಇದೆ.

ವಿಪಿಎನ್ ಆಫೀಸಿನವರೆಗೆ ಹಾಕುವ ದಾರಿಯೇ ಟನಲ್. ಫುಲ್ ಟನಲ್‌ನಲ್ಲಿ ಎಲ್ಲವೂ ಆಫೀಸಿನ ಗೇಟ್‌ವೇಗೆ ಹೋಗಿ ಅಲ್ಲಿಂದ ಹೊರಬೀಳುತ್ತದೆ. ಸ್ಪ್ಲಿಟ್ ಟನಲ್‌ನಲ್ಲಿ ಆಫೀಸಿನ ನೆಟ್‌ವರ್ಕ್‌ಗಳು ಮಾತ್ರ ಟನಲ್‌ಗೆ, ಉಳಿದದ್ದು ನೇರವಾಗಿ ಮನೆಯ ಇಂಟರ್ನೆಟ್‌ಗೆ. ಶಿರಸಿಯಲ್ಲಿ ಕೂತು ವಿಡಿಯೋ ಕಾಲ್ ಮಾಡುವವರ ಟ್ರಾಫಿಕ್ ಸುಮ್ನೆ ಬೆಂಗಳೂರಿನ ಗೇಟ್‌ವೇ ಸುತ್ತಿ ಬರುವ ಅಗತ್ಯವಿಲ್ಲ ಅಲ್ವಾ? ಅದಕ್ಕಾಗಿಯೇ ಈ ಏರ್ಪಾಡು. ಯಾವುದು ಒಳಗೆ, ಯಾವುದು ಹೊರಗೆ ಅಂತ ತೀರ್ಮಾನಿಸುವುದು ರೂಟಿಂಗ್ ಟೇಬಲ್, ಅಂದರೆ ಯಾವ ಐಪಿಗೆ ಯಾವ ದಾರಿ (ರೂಟ್) ಅಂತ ಕಂಪ್ಯೂಟರ್ ಇಟ್ಟುಕೊಂಡ ಪಟ್ಟಿ.

ಅದನ್ನು ಪೂರ್ತಿ ಓದುತ್ತಾ ಕೂರಬೇಡಿ, ಒಂದೇ ಐಪಿ ಕೊಟ್ಟು ಕೇಳಿ, ಇಲ್ಲಿನ 10.20.5.14 ಬದಲು ನಿಮ್ಮ ಸರ್ವರಿನದ್ದು ಹಾಕಿ. (ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.) ವಿಂಡೋಸ್‌ನ ಪವರ್‌ಶೆಲ್‌ನಲ್ಲಿ 'ಫೈಂಡ್-ನೆಟ್‌ರೂಟ್ -ರಿಮೋಟ್‌ಐಪಿಅಡ್ರೆಸ್ 10.20.5.14', ಮ್ಯಾಕ್‌ನಲ್ಲಿ 'ರೂಟ್ -ಎನ್ ಗೆಟ್ 10.20.5.14', ಲಿನಕ್ಸ್‌ನಲ್ಲಿ 'ಐಪಿ ರೂಟ್ ಗೆಟ್ 10.20.5.14'. ಉತ್ತರದಲ್ಲಿ ಇಂಟರ್‌ಫೇಸ್ ಹೆಸರು ಬರುತ್ತದೆ. ವಿಪಿಎನ್ ಅಡಾಪ್ಟರ್ ಬರಬೇಕಾದ ಕಡೆ ವೈಫೈ ಬಂದಿದ್ದರೆ ತೊಂದರೆ ಸಿಕ್ಕಿತು ಅಂತಲೇ ಲೆಕ್ಕ.

ಇಲ್ಲಿ ಒಂದು ನಿಯಮ ಚೆನ್ನಾಗಿ ತಲೆಯಲ್ಲಿರಲಿ. ಒಂದೇ ಐಪಿಗೆ ಎರಡು ರೂಟ್ ಹೊಂದಿದರೆ, ಕಿರಿದಾದ, ಅಂದರೆ ಕಡಿಮೆ ವಿಳಾಸಗಳಿರುವ ರೂಟ್ ಗೆಲ್ಲುತ್ತದೆ. ಗೆರೆಯ ನಂತರದ ಸಂಖ್ಯೆ ದೊಡ್ಡದಾದಷ್ಟೂ ರೂಟ್ ಕಿರಿದು, /32 ಅಂದರೆ ಒಂದೇ ಐಪಿ. /24 ಎದುರು /8 ಸೋಲುತ್ತದೆ, /32 ಎದುರು /24 ಸೋಲುತ್ತದೆ. ಎರಡೂ ಒಂದೇ ಅಳತೆಯವಾದರೆ ಮಾತ್ರ ಮೆಟ್ರಿಕ್ (ರೂಟಿನ ಆದ್ಯತೆಯ ಅಂಕ) ನೋಡುತ್ತಾರೆ, ಆಗ ಕಡಿಮೆ ಮೆಟ್ರಿಕ್ ಇದ್ದದ್ದು ಗೆಲ್ಲುತ್ತದೆ. ಮೆಟ್ರಿಕ್ ಬದಲಾಯಿಸಿ ಬದಲಾಯಿಸಿ ಸುಸ್ತಾದವರನ್ನು ಜಾಸ್ತಿ ನೋಡಿದ್ದೇನೆ. ಅಳತೆ ಬೇರೆ ಇದ್ದರೆ ಮೆಟ್ರಿಕ್ ಎಷ್ಟೇ ಇಳಿಸಿದರೂ ಪ್ರಯೋಜನವಿಲ್ಲ. ಓಪನ್‌ವಿಪಿಎನ್ ಅನ್ನುವ ವಿಪಿಎನ್ ಸಾಫ್ಟ್‌ವೇರಿನ 'ರೀಡೈರೆಕ್ಟ್-ಗೇಟ್‌ವೇ ಡೆಫ್1' ಸೆಟ್ಟಿಂಗ್ ನಡೆಯುವುದೂ ಇದೇ ನಿಯಮದ ಮೇಲೆ: ಹಳೆಯ ಡೀಫಾಲ್ಟ್ ರೂಟನ್ನು (ಬೇರೆ ಯಾವುದೂ ಹೊಂದದಿದ್ದಾಗ ಬಳಸುವ /0) ಮುಟ್ಟದೆ 0.0.0.0/1 ಮತ್ತು 128.0.0.0/1 ಅಂತ ಎರಡು ರೂಟ್ ಸೇರಿಸುತ್ತದೆ, ಎರಡೂ /0ಕ್ಕಿಂತ ಕಿರಿದು, ಹಾಗಾಗಿ ಎಲ್ಲ ಟ್ರಾಫಿಕ್ ಟನಲ್‌ಗೆ. ಸ್ಪ್ಲಿಟ್ ಬೇಕಿದ್ದಾಗ ಟೇಬಲ್‌ನಲ್ಲಿ ಈ ಎರಡು ಸಾಲು ಕಂಡರೆ ಸರ್ವರ್ ಅದನ್ನು ಪುಶ್ ಮಾಡುತ್ತಿದೆ ಅಂತ ಅರ್ಥ.

ಒಬ್ಬ ಸಹೋದ್ಯೋಗಿಯ ಕೇಸ್ ಹೇಳುತ್ತೇನೆ. ಊರಿಗೆ ಹೋಗಿ ಕೆಲಸ ಮಾಡುತ್ತಿದ್ದರು. ಆಫೀಸಿನ ಫೈಲ್ ಸರ್ವರ್ 192.168.1.20. ಪಿಂಗ್ ಮಾಡಿದರೆ ಬಂದದ್ದು 'ರಿಪ್ಲೈ ಫ್ರಮ್ 192.168.1.7: ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್'. ಆ 192.168.1.7 ಯಾರದ್ದು? ಅವರ ಲ್ಯಾಪ್‌ಟಾಪ್‌ನದ್ದೇ! ಅಂದರೆ ಲ್ಯಾಪ್‌ಟಾಪ್ ಆ ಸರ್ವರನ್ನು ಮನೆಯೊಳಗೇ ಹುಡುಕುತ್ತಿತ್ತು. ಪಕ್ಕದ ಕೋಣೆಯಲ್ಲಿರಬಹುದು ಅಂದುಕೊಂಡು ಎಆರ್‌ಪಿ ಕೂಗು ('ಈ ಐಪಿ ಯಾರದ್ದು?' ಅಂತ ಮನೆಯ ನೆಟ್‌ವರ್ಕ್‌ಗೆಲ್ಲ ಕೇಳುವುದು) ಹಾಕಿತು, ಯಾರೂ ಓಗೊಡಲಿಲ್ಲ, ತಾನೇ 'ಸಿಗಲಿಲ್ಲ' ಅಂತ ಹೇಳಿತು. ಪ್ಯಾಕೆಟ್ ಟನಲ್ ಕಡೆ ತಿರುಗಿಯೂ ನೋಡಿರಲಿಲ್ಲ. 'ರೂಟ್ ಪ್ರಿಂಟ್' ಹಾಕಿದಾಗ 192.168.1.0, ಮಾಸ್ಕ್ 255.255.255.0 (ಅಂದರೆ /24) ಅಂತ ಎರಡು ಸಾಲು. ಒಂದು ಮನೆಯ ವೈಫೈದು, ಒಂದು ವಿಪಿಎನ್‌ದು. ಅಳತೆ ಒಂದೇ, ಮೆಟ್ರಿಕ್‌ನಲ್ಲಿ ವೈಫೈ ಗೆದ್ದಿತ್ತು.

ತಕ್ಷಣದ ಪರಿಹಾರ ಆ ಒಂದು ಸರ್ವರಿಗೆ /32 ರೂಟ್. ವಿಂಡೋಸ್‌ನದೇ ವಿಪಿಎನ್ ಆದರೆ 'ಆಡ್-ವಿಪಿಎನ್‌ಕನೆಕ್ಷನ್‌ರೂಟ್' ಬಳಸಿ, ಪ್ರತಿ ಸಲ ಕನೆಕ್ಟ್ ಆದಾಗ ತಾನಾಗಿ ಸೇರುತ್ತದೆ. ಗಟ್ಟಿ ಪರಿಹಾರ ಅಂದರೆ ಮನೆಯ ರೌಟರ್ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕನ್ನು 192.168.77.0/24 ಥರ ಬೇರೆ ಮಾಡುವುದು. ಹತ್ತು ನಿಮಿಷದ ಕೆಲಸ. ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರು ನೀವಾಗಿದ್ದರೆ 192.168.0 ಮತ್ತು 192.168.1 ಎರಡನ್ನೂ ದಯವಿಟ್ಟು ಬಳಸಬೇಡಿ, ಮನೆಮನೆಯ ರೌಟರ್‌ಗಳಲ್ಲಿ ಅವೇ ತುಂಬಿವೆ. ಇದೇ ಕಾರಣವಾ ಅಂತ ಬೇಗ ತಿಳಿಯಲು ಫೋನ್ ಹಾಟ್‌ಸ್ಪಾಟ್‌ಗೆ ಹೋಗಿ ನೋಡಿ. ಐಫೋನ್ 172.20.10.0/28 ಕೊಡುತ್ತದೆ. ಅಲ್ಲಿ ಸರ್ವರ್ ತೆರೆದರೆ ಮನೆಯ ನೆಟ್‌ವರ್ಕ್ ಮೇಲೆಯೇ ಮೊದಲ ಅನುಮಾನ.

ಲಿನಕ್ಸ್‌ನಲ್ಲಿ ಡಾಕರ್ (ಆ್ಯಪ್‌ಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ನಡೆಸುವ ಸಾಫ್ಟ್‌ವೇರ್) ಇಟ್ಟುಕೊಂಡವರಿಗೆ ಇದೇ ಜಗಳ ಲ್ಯಾಪ್‌ಟಾಪ್ ಒಳಗೇ ನಡೆಯುತ್ತದೆ. ಡಾಕರ್ ಸಾಮಾನ್ಯವಾಗಿ 172.17.0.0/16 ಹಿಡಿಯುತ್ತದೆ. ವಿಪಿಎನ್ 172.16.0.0/12 ಕೊಟ್ಟರೂ 172.17ರ ಸರ್ವರ್‌ಗಳೆಲ್ಲ ಡಾಕರ್ ಪಾಲು, ಯಾಕಂದರೆ /16 ಕಿರಿದು. ಡಾಕರ್‌ನ 'ಡೀಮನ್.ಜೇಸನ್' ಫೈಲಿನಲ್ಲಿ 'ಬಿಐಪಿ' ಬೆಲೆ ಬದಲಿಸಿ. ಮುಂದೆ ಹೊಸ ನೆಟ್‌ವರ್ಕ್‌ಗಳೂ ಅದೇ ತಪ್ಪು ಮಾಡದಿರಲು 'ಡೀಫಾಲ್ಟ್-ಅಡ್ರೆಸ್-ಪೂಲ್ಸ್' ಕೂಡ ಹಾಕಿ.

ವಿಂಡೋಸ್‌ನ ಸ್ವಂತ ವಿಪಿಎನ್‌ನಲ್ಲಿ ಇನ್ನೊಂದು ಬಲೆ ಇದೆ. 'ಯೂಸ್ ಡೀಫಾಲ್ಟ್ ಗೇಟ್‌ವೇ ಆನ್ ರಿಮೋಟ್ ನೆಟ್‌ವರ್ಕ್' ಟಿಕ್ ತೆಗೆದರೆ ಸ್ಪ್ಲಿಟ್ ಆಗುತ್ತದೆ, ಸರಿ. ಆದರೆ ಆಗ ವಿಂಡೋಸ್ ನಿಮಗೆ ಸಿಕ್ಕ ಐಪಿಯ ಹಳೆಯ ಕ್ಲಾಸ್ (ಮೊದಲ ಸಂಖ್ಯೆಯಿಂದ ನೆಟ್‌ವರ್ಕಿನ ಅಳತೆ ತೀರ್ಮಾನಿಸುವ ಪದ್ಧತಿ) ನೋಡಿ ಒಂದೇ ರೂಟ್ ಹಾಕಿಕೊಳ್ಳುತ್ತದೆ. 10ರಿಂದ ಶುರುವಾಗುವ ಐಪಿ ಸಿಕ್ಕರೆ ಇಡೀ 10.0.0.0/8 ಟನಲ್‌ಗೆ. 192.168.50.9 ಸಿಕ್ಕರೆ 192.168.50.0/24 ಮಾತ್ರ, 10.20ರ ಸರ್ವರ್‌ಗಳಿಗೆ ದಾರಿಯೇ ಇಲ್ಲ. ಬೇಕಾದ ರೂಟ್‌ಗಳನ್ನು ನೀವೇ ಸೇರಿಸಬೇಕು.

ದಾರಿ ಸರಿ ಇದೆ, ಐಪಿ ಹಾಕಿದರೆ ತೆರೆಯುತ್ತದೆ, ಹೆಸರು ಹಾಕಿದರೆ ಇಲ್ಲ. ಇದು ಡಿಎನ್‌ಎಸ್, ಅಂದರೆ ಹೆಸರಿಗೆ ಐಪಿ ಹುಡುಕಿಕೊಡುವ ವ್ಯವಸ್ಥೆಯ ತೊಂದರೆ. ಇಲ್ಲಿ ಎಲ್ಲರೂ 'ಎನ್‌ಎಸ್‌ಲುಕಪ್' ಹಾಕಿ ದಾರಿ ತಪ್ಪುತ್ತಾರೆ. ಕೆಲವು ಹೆಸರುಗಳನ್ನು ಮಾತ್ರ ಆಫೀಸಿನ ಡಿಎನ್‌ಎಸ್‌ಗೆ ಕಳಿಸುವ ವಿಂಡೋಸ್ ನಿಯಮಗಳನ್ನು ಅದು ನೋಡುವುದೇ ಇಲ್ಲ. 'ರಿಸಾಲ್ವ್-ಡಿಎನ್‌ಎಸ್‌ನೇಮ್' ನೋಡುತ್ತದೆ, ಅದನ್ನೇ ಬಳಸಿ. ಮ್ಯಾಕ್‌ನಲ್ಲಿ 'ಡಿಗ್' ಕೂಡ ಹೀಗೆಯೇ ನಂಬಿಕೆಗೆ ಅರ್ಹವಲ್ಲ, 'ಎಸ್‌ಸಿಯುಟಿಲ್ --ಡಿಎನ್‌ಎಸ್' ಹಾಕಿ ಯಾವ ಡೊಮೇನ್ ಯಾರ ಹತ್ತಿರ ಹೋಗುತ್ತಿದೆ ನೋಡಿ. ಲಿನಕ್ಸ್‌ನಲ್ಲಿ 'ರಿಸಾಲ್ವ್‌ಸಿಟಿಎಲ್ ಸ್ಟೇಟಸ್'. ಒಂದೇ ಹೆಸರಿಗೆ ಒಳಗೊಂದು, ಹೊರಗೊಂದು ಐಪಿ ಇರುವ ಆಫೀಸುಗಳಲ್ಲಿ ಹೊರಗಿನ ಐಪಿ ಸಿಕ್ಕರೆ ರೂಟ್ ಕೂಡ ಹೊರಗೇ ತೋರಿಸುತ್ತದೆ, ನೋಡುವವರಿಗೆ ರೂಟಿಂಗ್ ತೊಂದರೆ ಅನಿಸುತ್ತದೆ, ಮೂಲ ಮಾತ್ರ ಡಿಎನ್‌ಎಸ್. ಅದಕ್ಕೇ ಹೆಸರಿನ ಪ್ರಶ್ನೆ ಮೊದಲು ಕೇಳಿ ಅಂದದ್ದು. ಬ್ರೌಸರ್‌ನಲ್ಲಿ ಮಾತ್ರ ತೊಂದರೆ ಇದ್ದರೆ ಅದರ ಸೆಕ್ಯೂರ್ ಡಿಎನ್‌ಎಸ್ ಆಯ್ಕೆ ಆಫ್ ಮಾಡಿ ನೋಡಿ.

ಐಪಿವಿ6 (ಹೊಸ ಮಾದರಿಯ ಉದ್ದ ಐಪಿ, ಇಲ್ಲಿಯವರೆಗೆ ನೋಡಿದ್ದು ಹಳೆಯ ಐಪಿವಿ4) ಮರೆಯಬೇಡಿ. ಜಿಯೋದಂಥ ನೆಟ್‌ವರ್ಕ್‌ಗಳಲ್ಲಿ ಐಪಿವಿ6 ತಾನಾಗಿ ಬರುತ್ತದೆ. ನಿಮ್ಮ ವಿಪಿಎನ್‌ಗೆ ಐಪಿವಿ4 ಮಾತ್ರ ಗೊತ್ತಿದ್ದರೆ ವಿ6 ಇರುವ ಸೈಟುಗಳು ಟನಲ್ ಬಿಟ್ಟು ಹೊರಗಿಂದ ಹೋಗಬಹುದು. ಆಫೀಸಿನ ಐಪಿಗೆ ಮಾತ್ರ ಬಾಗಿಲು ತೆರೆಯುವ ಡ್ಯಾಶ್‌ಬೋರ್ಡ್ ಮನೆಯ ವಿ6 ವಿಳಾಸ ನೋಡಿ ತಳ್ಳಿಬಿಡುತ್ತದೆ.

ಲಾಗಿನ್ ಆಗುತ್ತದೆ, ಪಿಂಗ್ ಹೋಗುತ್ತದೆ, ದೊಡ್ಡ ಫೈಲ್ ಕಾಪಿ ಮಾತ್ರ ನಿಂತುಬಿಡುತ್ತದೆ ಅಂದರೆ ಎಂಟಿಯು (ಒಂದು ಪ್ಯಾಕೆಟ್ ಎಷ್ಟು ಬೈಟ್ ಇರಬಹುದು ಅನ್ನುವ ಮಿತಿ) ನೋಡಿ. ವಿಂಡೋಸ್‌ನಲ್ಲಿ 'ಪಿಂಗ್ -ಎಫ್ -ಎಲ್ 1372', ಮುಂದೆ ಸರ್ವರಿನ ಐಪಿ ಅಂತ ಶುರು ಮಾಡಿ, ಹೋಗದಿದ್ದರೆ ಇಳಿಸುತ್ತಾ ಬನ್ನಿ. ಹೋದ ಸಂಖ್ಯೆಗೆ 28 ಕೂಡಿಸಿದರೆ ದಾರಿಯ ಎಂಟಿಯು. ವೈರ್‌ಗಾರ್ಡ್ ಅನ್ನುವ ವಿಪಿಎನ್‌ನ ರೂಢಿಯ 1420 ಬಂದದ್ದು 1500ರಲ್ಲಿ 80 ಕಳೆದು. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ ಬಗೆಯ) ಫೈಬರ್‌ನಲ್ಲಿ ಇರುವುದೇ 1492, ಸರ್ವರನ್ನು ಐಪಿವಿ6 ಮೂಲಕ ತಲುಪುತ್ತಿದ್ದರೆ 1412 ಆಗಬೇಕು. 1400 ಇಟ್ಟರೆ ನಿಶ್ಚಿಂತೆ.

ಪ್ಯಾಕೆಟ್ ಟನಲ್‌ಗೆ ಹೋಗುತ್ತಿದೆ, ಉತ್ತರ ಬರುತ್ತಿಲ್ಲ ಅಂದರೆ ನಿಮ್ಮ ಕೈಯಲ್ಲಿರುವುದು ಕಡಿಮೆ. ಫೈರ್‌ವಾಲ್ ತಡೆದಿರಬಹುದು. ಇಲ್ಲವೇ ಆಫೀಸಿನ ಆ ಸರ್ವರಿಗೆ ವಿಪಿಎನ್ ಪೂಲ್‌ಗೆ (ವಿಪಿಎನ್ ಬಳಸುವವರಿಗೆ ಕೊಡುವ ಐಪಿಗಳಿಗೆ) ಮರಳುವ ರೂಟ್ ಗೊತ್ತಿಲ್ಲ. ವೈರ್‌ಗಾರ್ಡ್ ಆದರೆ ಸರ್ವರ್ ಕಡೆಯ 'ಅಲೌಡ್‌ಐಪೀಸ್'ನಲ್ಲಿ ನಿಮ್ಮ ಐಪಿ ಇಲ್ಲದಿರಬಹುದು. ಸಿಸ್ಕೋ ಸೆಕ್ಯೂರ್ ಕ್ಲೈಂಟ್ (ಹಳೆಯ ಹೆಸರು ಎನಿಕನೆಕ್ಟ್) ಥರದ ಕ್ಲೈಂಟ್‌ಗಳು ನೀವು ಕೈಯಾರೆ ಬದಲಿಸಿದ ರೂಟನ್ನು ಗಮನಿಸಿ ವಾಪಸ್ ಸರಿಮಾಡಿಬಿಡುತ್ತವೆ. ಅವುಗಳ ಜೊತೆ ಗುದ್ದಾಡಬೇಡಿ, ಕಂಪನಿಯ ಪಾಲಿಸಿ ತಪ್ಪಿಸುವ ದಾರಿಯನ್ನೂ ಹುಡುಕಬೇಡಿ. ಸಿಸ್ಕೋ ಕ್ಲೈಂಟ್‌ನಲ್ಲಿ 'ರೂಟ್ ಡೀಟೇಲ್ಸ್' ಅಂತ ಒಂದು ಟ್ಯಾಬ್ ಇದೆ, ಯಾವ ನೆಟ್‌ವರ್ಕ್ ಸೆಕ್ಯೂರ್ಡ್, ಯಾವುದು ಅಲ್ಲ ಅಂತ ಅಲ್ಲೇ ಕಾಣುತ್ತದೆ. ಅದರ ಸ್ಕ್ರೀನ್‌ಶಾಟ್, ಸರ್ವರಿನ ಹೆಸರು ಮತ್ತು ಸಿಕ್ಕ ಐಪಿ, ಆ ಐಪಿಯ ರೂಟ್ ಉತ್ತರ, ಮನೆಯ ನೆಟ್‌ವರ್ಕ್ ಯಾವುದು ಅನ್ನೋದು, ಇಷ್ಟನ್ನು ಟಿಕೆಟ್‌ನಲ್ಲಿ ಹಾಕಿ. 'ವಿಪಿಎನ್ ವರ್ಕ್ ಆಗ್ತಿಲ್ಲ' ಅಂತ ಒಂದೇ ಸಾಲು ಬಂದರೆ ಸಪೋರ್ಟ್‌ನವರು ಇವನ್ನೇ ಒಂದೊಂದಾಗಿ ಕೇಳಿ ಪಡೆಯಬೇಕಾಗುತ್ತದೆ, ಅಷ್ಟರಲ್ಲಿ ಸಂಜೆಯಾಗುತ್ತದೆ.